ಸೀಮೆಸುಣ್ಣದ ಪೆಟ್ಟಿಗೆಗಳಿಗೆ ಬಣ್ಣ ಹಚ್ಚಿದ್ದು

ಹಳೆಯ ಕಟ್ಟಿಗೆ ಸಾಮಾನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮುರಿದ ಮಣೆಯಿರಲಿ, ಬಿರುಕು ಬಿಟ್ಟ ತಟ್ಟೆಯಿರಲಿ, ಹಣ್ಣಿನಂಗಡಿಯವರು ಬೀದಿಗೆಸೆದ ಪೆಟ್ಟಿಗೆಯಿರಲಿ, ತಿಕ್ಕಿ ತೊಳೆದು ಬಣ್ಣ ಹಚ್ಚಿ, ಮೇಲೊಂದು ಹೂವೋ ಗಿಳಿಯೋ ಮೂಡಿಸಿದ ಮೇಲೆಯೇ ನನಗೆ ಅನ್ನ ರುಚಿಸುವುದು. ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ ಬಣ್ಣ ಬಳಿಸಿಕೊಳ್ಳದೆ ಪಾರಾದವನು ತಾನೊಬ್ಬನೇ ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಲಿ. ಅವರ ಊಟದ ಡಬ್ಬಿಯ ಮೇಲೂ ಒಂದು ಕಮಲ ಇದೆ, ಅದನ್ನು ಅವರು ಇನ್ನೂ ನೋಡಿಲ್ಲ.

ಈ ಹುಚ್ಚು ಬಂದದ್ದು ನಮ್ಮಪ್ಪನಿಂದ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಅಪ್ಪ ಚೀಲಗಳಿಗೆ ಮಾರ್ಕಾ ಹೊಡೆಯುತ್ತಿದ್ದ. ತಗಡಿನ ಹಾಳೆಯಲ್ಲಿ ಗಿಳಿಯ ಆಕಾರ ಕೊರೆದಿರುತ್ತಿತ್ತು. ಅದನ್ನು ಗೋಣಿಚೀಲದ ಮೇಲಿಟ್ಟು ನೀಲಿ ಬಣ್ಣದ ಬ್ರಶ್ಶನ್ನು ಎರಡು ಸಲ ಆಡಿಸಿದರೆ ಚೀಲದ ಹೊಟ್ಟೆಯ ಮೇಲೆ ಗಿಳಿ ಕೂತಿರುತ್ತಿತ್ತು. ನಾನು ಹೊಡೆಯಲು ಹೋದರೆ ಬಣ್ಣ ತಗಡಿನಡಿ ನುಸುಳಿ ಗಿಳಿ ಕೋಳಿಯಾಗುತ್ತಿತ್ತು. "ಬ್ರಶ್ಶು ಯಾವಾಗ್ಲೂ ನೀರಡಿಸಿರಬೇಕು ನೋಡವ್ವಾ. ಹೊಟ್ಟಿ ತುಂಬ ಕುಡಿದ ಬ್ರಶ್ಶು ಕೆಲಸ ಕೆಡಸ್ತದ" ಅನ್ನುತ್ತಿದ್ದ. ಈಗ ಚೀಲಗಳೆಲ್ಲ ಅಚ್ಚಾಗಿಯೇ ಬರುತ್ತವೆ. ಗಿರಣಿಯವರು ಮೂಲೆಗೆ ಹಾಕಿದ್ದ ತಗಡುಗಳನ್ನು ನಾನು ಕೇಳಿ ತಂದುಕೊಂಡೆ.

ಹೇಳಬೇಕೆಂದು ಕೂತದ್ದು ನನ್ನ ಅತ್ತೆಯ ಪೆಟ್ಟಿಗೆಗಳ ವಿಷಯ. ಅತ್ತೆ ಇರುವುದು ದೇವದುರ್ಗದಲ್ಲಿ, ನನ್ನ ಗಂಡನ ಅಣ್ಣನ ಜೊತೆ. ಆ ಮನೆ ತುಂಬಿದ ಮನೆ. ನಡೆಸುವವಳು ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಅವಳನ್ನು ಅಕ್ಕಾ ಅನ್ನುತ್ತೇನೆ. ಮಾತು ಕಡಿಮೆ, ಕೆಲಸ ಜಾಸ್ತಿ. ನನ್ನದು ತದ್ವಿರುದ್ಧ, ಆದ್ದರಿಂದ ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ.

ಅತ್ತೆ ಕೌದಿ ಹೊಲಿಯುತ್ತಾರೆ. ದೇವದುರ್ಗದ ಆ ಓಣಿಯಲ್ಲಿ ಅವರ ಕೌದಿಯಲ್ಲಿ ಮಲಗದ ಕೂಸು ಇಲ್ಲ. ನಮ್ಮ ಮಾವ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಆಗೆಲ್ಲ ಸೀಮೆಸುಣ್ಣ ಸಣ್ಣ ಕಟ್ಟಿಗೆ ಪೆಟ್ಟಿಗೆಗಳಲ್ಲಿ ಬರುತ್ತಿತ್ತು, ಮುಚ್ಚಳ ಅಂಚಿನ ಸೀಳಿನಲ್ಲಿ ಜಾರುವಂಥದ್ದು. ಖಾಲಿಯಾದ ಪೆಟ್ಟಿಗೆಗಳನ್ನು ಮಾವ ಮನೆಗೆ ತಂದಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು, ಪೆಟ್ಟಿಗೆಗಳು ಉಳಿದವು. ಏಳು ಪೆಟ್ಟಿಗೆ, ಏಳೂ ಒಂದೇ ಅಳತೆ. ಅವುಗಳಲ್ಲಿ ಅತ್ತೆ ಬಟ್ಟೆಯ ಚೌಕ ಚೂರುಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡಿ ಇಡುತ್ತಿದ್ದರು. ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು, ಹೀಗೆ. ಬೆಳಿಗ್ಗೆ ಓಣಿಯ ಮಕ್ಕಳಿಂದ ಹತ್ತು ಸೂಜಿಗೆ ದಾರ ಪೋಣಿಸಿಕೊಳ್ಳುವುದು, ಸಣ್ಣ ಮಕ್ಕಳಿದ್ದರೆ ಹೊಸ ಬಟ್ಟೆ ಹಿಡಿದು "ಇದು ಯಾ ಬಣ್ಣ ಹೇಳು ನೋಡೂಣು, ಜಾಣ ಅದೀಯೋ ದಡ್ಡ ಅದೀಯೋ" ಎಂದು ಪರೀಕ್ಷೆ ಮಾಡುವುದು, ಆಮೇಲೆ ದಿನವಿಡೀ ಹೊಲಿಯುವುದು. ಮಾಸ್ತರರ ಹೆಂಡತಿಯಲ್ಲವೇ, ಮಕ್ಕಳ ಪರೀಕ್ಷೆ ಮಾಡುವ ಚಾಳಿ ಎಂದು ನಾವು ನಗುತ್ತಿದ್ದೆವು.

ದಸರೆಗೆ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆಗಳನ್ನೆಲ್ಲ ಒಗೆಯಬೇಕು. ಒಂದು ಕೌದಿಯೂ ಉಳಿಯಬಾರದು. ಹೋದ ವರ್ಷವೂ ಆ ದಿನ ಇಡೀ ಮನೆ ಟಂಟಂ ಆಟೋದಲ್ಲಿ ಕೌದಿಗಳನ್ನು ಹೇರಿಕೊಂಡು ಕಾಲುವೆಗೆ ಹೊರಟಿತು. ಅತ್ತೆಯೂ ಹೊರಟರು, ಒಗೆಯಲು ಅಲ್ಲ, ಬೈಯಲು. ನನಗೆ ಸೊಂಟ ನೋವು, ಮನೆ ಕಾಯುತ್ತೇನೆಂದೆ. ನಿಜ ಹೇಳಬೇಕೆಂದರೆ ಸೊಂಟಕ್ಕೆ ಏನೂ ಆಗಿರಲಿಲ್ಲ. ರಾಯಚೂರಿನಿಂದ ಬರುವಾಗಲೇ ಚೀಲದಲ್ಲಿ ಬಣ್ಣದ ಡಬ್ಬಿ, ಬಿರುಕು ತುಂಬುವ ಪುಟ್ಟಿ, ಪಾಲಿಶ್ ಪೇಪರ್, ಅಪ್ಪನ ತಗಡುಗಳನ್ನು ತುಂಬಿಕೊಂಡು ಬಂದಿದ್ದೆ. ಹಬ್ಬಕ್ಕೆ ಅತ್ತೆಗೆ ಗೊತ್ತಾಗದಂತೆ ಏಳೂ ಪೆಟ್ಟಿಗೆಗಳನ್ನು ಹೊಸದು ಮಾಡಿಬಿಡಬೇಕೆಂಬುದು ನನ್ನ ಹೊಂಚು.

ಪೆಟ್ಟಿಗೆಗಳು ಕೈಗೆ ಸಿಕ್ಕಾಗ ನೋಡುತ್ತೇನೆ, ಮುಚ್ಚಳದ ಅಂಚಿನಲ್ಲೆಲ್ಲ ಕಚ್ಚು. ಈಳಿಗೆಗೆ ತಾಗಿಸಿದ ಹಾಗೆ ಸಣ್ಣ ಸಣ್ಣ ಗಾಯ. ಅಯ್ಯೋ, ಎಂಥ ಚೆಂದದ ಕಟ್ಟಿಗೆ, ಹೆಂಗೆ ಹಾಳು ಮಾಡಿದ್ದಾರಲ್ಲ ಎಂದು ಮರುಗಿ ಒಂದೊಂದು ಕಚ್ಚಿಗೂ ಪುಟ್ಟಿ ತುಂಬಿದೆ. ಒಣಗಿದ ಮೇಲೆ ಕೈ ಜಾರುವಷ್ಟು ನುಣ್ಣಗೆ ತಿಕ್ಕಿದೆ. ಕೆಂಪು ಚೂರಿನ ಪೆಟ್ಟಿಗೆಗೆ ಕೆಂಪು, ಹಸಿರಿನದಕ್ಕೆ ಹಸಿರು, ಮೇಲೆ ಬಿಳಿ ಗಿಳಿ, ಬಿಳಿ ಕಮಲ. ಬ್ರಶ್ಶು ನೀರಡಿಸಿಯೇ ಇತ್ತು. ಒಂದು ಗೆರೆಯೂ ಹರಡಲಿಲ್ಲ. ಸಂಜೆ ಅವರೆಲ್ಲ ಬರುವ ಹೊತ್ತಿಗೆ ಏಳೂ ಪೆಟ್ಟಿಗೆ ಪಡಸಾಲೆಯಲ್ಲಿ ಸಾಲಾಗಿ ಹೊಳೆಯುತ್ತಿದ್ದವು.

ಮಕ್ಕಳು ಕುಣಿದರು. ಭಾವನವರು ಭೇಷ್ ಅಂದರು. ಅತ್ತೆ ಒಂದು ಮುಚ್ಚಳದ ಮೇಲೆ ಕೈಯಾಡಿಸಿ, "ಭಾಳ ನುಣ್ಣಗ ಆಗ್ಯಾವಲ್ಲ ಯವ್ವಾ" ಅಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಅಕ್ಕ ಮಾತ್ರ ಮುಖ ಗಂಟಿಕ್ಕಿ, "ಎತ್ತಿಟ್ಟ ಸಾಮಾನು ಯಾಕ ಮುಟ್ಟಾಕ ಹೋದಿ? ಇದ್ದ ಜಾಗಕ್ಕ, ಇದ್ದ ಸಾಲಿನ್ಯಾಗ ಇಡು ಮತ್ತ" ಅಂದಳು. ಸಾಲು ಯಾರಿಗೆ ನೆನಪಿರುತ್ತದೆ? ಹೊಟ್ಟೆಕಿಚ್ಚು ಎಂದು ಮನಸ್ಸಿನಲ್ಲೇ ಅಂದುಕೊಂಡು, ನೋಡಲು ಚೆಂದ ಕಾಣುವ ಹಾಗೆ ಜೋಡಿಸಿದೆ.

ದೀಪಾವಳಿ ಕಳೆದ ಮೇಲೆ ಅಕ್ಕನ ಮಗಳ ಕುಬಸ. ಮೊದಲ ಬಸಿರು. ಅತ್ತೆಯ ಮನೆಯಲ್ಲಿ ಒಂದು ಪದ್ಧತಿ ಇದೆ. ಕುಬಸಕ್ಕೆಂದು ಒಂದು ಸಣ್ಣ ಕೌದಿ ಹೊಲಿದು, ಅದರ ಮೇಲೆ ಬಸುರಿಯನ್ನು ಕೂರಿಸಿ ಆರತಿ ಮಾಡುತ್ತಾರೆ. ಮುಂದೆ ಕೂಸು ಮಲಗುವುದು ಅದೇ ಕೌದಿಯಲ್ಲಿ. ನಡುವೆಲ್ಲ ಹಸಿರು ಇರಬೇಕು. ದೃಷ್ಟಿಗೆಂದು ಒಂದು ಮೂಲೆಯಲ್ಲಿ ಒಂದೇ ಒಂದು ಕಪ್ಪು ಚೂರು. ಕೊನೆಯ ಹೊಲಿಗೆ ಹಾಕುವ ಮುಂಚೆ ಒಳಗೆ ಹೋಳಿಗೆಯ ಚೂರಿಡುತ್ತಾರೆ, ಕೌದಿ ಹಸಿದಿರಬಾರದಂತೆ.

ಹೆಂಗಸರೆಲ್ಲ ಸೇರಿದ್ದರು. ಅತ್ತೆ ತಾವೇ ಕೌದಿ ತಂದು ಮಣೆಯ ಮೇಲೆ ಬಿಚ್ಚಿದರು. ನಡುವೆಲ್ಲ ಕಪ್ಪು. ಮೂಲೆಯಲ್ಲಿ ಒಂದೇ ಒಂದು ಹಸಿರು ಚೂರು.

ಹಿಂದಿನಿಂದ ಯಾರೋ "ಶಿವ ಶಿವಾ, ಇದೆಂಥ ಅಪಶಕುನ" ಎಂದು ಗುಸುಗುಟ್ಟಿದರು. ಅತ್ತೆಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನು ತಪ್ಪಾಗಿದೆ ಎಂದು ಗೊತ್ತಾಗಲಿಲ್ಲ. ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸುತ್ತ ನಗಲು ನೋಡಿದರು. ಆ ನಗು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಹಸಿರು ಸೀರೆ ತಂದು ಸರಕ್ಕನೆ ಕೌದಿಯ ಮೇಲೆ ಹಾಸಿದಳು. "ಕೌದಿ ಅಡ್ಯಾಗಿರ್ಲಿ, ಮ್ಯಾಲ ಸೀರಿ ಇರ್ಲಿ. ಆರತಿ ತಗೊಂಬರ್ರಿ, ಹೊತ್ತಾಗಾಕತ್ತದ" ಅಂದಳು. ಹೇಳುವಾಗ ನನ್ನ ಕಡೆ ಒಂದು ನೋಟ ಬಿಟ್ಟಳು ನೋಡಿ, ಸುಟ್ಟುಹೋದೆ. ನಾನೇನು ಮಾಡಿದೆನಪ್ಪಾ ಎಂದು ನನಗೆ ಸಿಟ್ಟೇ ಬಂತು.

ಊಟವಾದ ಮೇಲೆ ಒಳಕೋಣೆಗೆ ಹೋದೆ. ಅತ್ತೆ ಒಬ್ಬರೇ ಏಳೂ ಪೆಟ್ಟಿಗೆಗಳನ್ನು ಸುತ್ತ ಇಟ್ಟುಕೊಂಡು ಕೂತಿದ್ದರು. ಒಂದನ್ನು ಎತ್ತಿ ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳು ಎಳೆಯುವರು, ಇಡುವರು. ಇನ್ನೊಂದನ್ನು ಎತ್ತುವರು, ಮತ್ತೆ ಅದೇ ಅಂಚಿನ ಮೇಲೆ ಹೆಬ್ಬೆರಳು. ನನಗೆ ನಾನು ಪುಟ್ಟಿ ತುಂಬಿದ ಕಚ್ಚುಗಳು ನೆನಪಾದವು. ಒಂದರಲ್ಲಿ ಒಂದು ಕಚ್ಚು ಇತ್ತು. ಇನ್ನೊಂದರಲ್ಲಿ ಎರಡು. ಮತ್ತೊಂದರಲ್ಲಿ ಮೂರು.

ಕಪ್ಪು ಚೂರೊಂದನ್ನು ಎತ್ತಿ ಅವರ ಮುಂದೆ ಹಿಡಿದೆ. "ಅತ್ತೀ, ಇದು ಯಾ ಬಣ್ಣರೀ?"

"ಯಾಕಬೇ, ನನ್ನೇನ್ ಸಾಲಿ ಹುಡುಗಿ ಅಂತ ತಿಳಕೊಂಡೀಯೇನು?"

"ಹೇಳ್ರಿ ಅತ್ತೀ."

ಚೂರನ್ನು ಬೆರಳಿನಿಂದ ತಿಕ್ಕಿ ನೋಡಿ ಮೆಲ್ಲಗೆ, "ಹಸರು?" ಅಂದರು.

ನಾನು ಅವರ ಪಕ್ಕ ಕೂತೆ. ಕೇಳುವ ಮುಂಚೆ ಅವರೇ ಹೇಳಿದರು. "ಕೆಂಪಿಗೆ ಒಂದು ಕಚ್ಚು, ಹಸಿರಿಗೆ ಎರಡು, ಕರೇದಕ್ಕ ಏಳು. ಈಳಿಗೀಲೆ ಹಾಕಿಟ್ಟಿದ್ದೆ ಯವ್ವಾ. ಮಂದಿ ಕಾಣ್ತಾರ, ಮಸುಕ ಮಸುಕ. ಬಣ್ಣ ತಿಳಿಯಂಗಿಲ್ಲ. ಎರಡು ವರ್ಷಾತು. ನೀ ಪಾಪ ಚೆಂದ ಮಾಡಾಕ ಹೋಗಿ ಎಲ್ಲಾ ಸಪಾಟ ಮಾಡಿಬಿಟ್ಟಿ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಅದು ನಾನೇ. ಓಣಿಯ ಮಕ್ಕಳಿಗೆ ಬಣ್ಣದ ಪರೀಕ್ಷೆ ಯಾಕೆ ನಡೆಯುತ್ತಿತ್ತು ಎಂಬುದೂ ಆಗಲೇ ತಿಳಿದದ್ದು. ನನಗೆ ಅಳುವಿನ ಜೊತೆ ಸಿಟ್ಟೂ ಬಂತು. "ಯಾಕ ಬಾಯಿ ಬಿಡಲಿಲ್ಲರೀ? ನಡ್ರಿ, ನಾಳೆನೇ ರಾಯಚೂರಿಗೆ ಹೋಗೂಣು, ಡಾಕ್ಟರಿಗೆ ತೋರಸೂಣು" ಎಂದೆ.

ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. "ನಮ್ಮತ್ತೀದೂ ಹಿಂಗೇ ಕಣ್ಣು ಹೋಗಿದ್ವು. ಆಕಿನ್ನ ರೊಟ್ಟಿ ಹಂಚಿನ ಮುಂದಿಂದ ಎಬ್ಬಿಸಿ ಪಡಸಾಲಿ ಮೂಲ್ಯಾಗ ಕುಂದ್ರಿಸಿದಾಕಿ ನಾನೇ. ಏಳಾಕ ಹೋದ್ರ, ಸುಮ್ನ ಕುಂದ್ರು ಮುದುಕಿ, ನಿನಗ ಕಾಣಂಗಿಲ್ಲ ಅನ್ನಾಕಿ ನಾನೇ. ಹನ್ನೊಂದು ವರ್ಷ ಸುಮ್ನ ಕುಂತಳು ಯವ್ವಾ. ಕುಂತಲ್ಲೇ ಹೋದಳು. ನನ್ನ ಕುಂದ್ರಸಬ್ಯಾಡ್ರಿ. ನಿನಗ ಕೈ ಮುಗಿತೀನಿ, ಯಾರ ಮುಂದೂ ಹೇಳಬ್ಯಾಡ."

ಅತ್ತೆ ಸೊಸೆಗೆ ಕೈ ಮುಗಿದರೆ ಯಾವ ಸೊಸೆ ಇಲ್ಲ ಅಂದಾಳು? ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಷ್ಟೇ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಕೆಡಿಸಿದ್ದನ್ನು ಸರಿ ಮಾಡಲು ಹೊರಟೆ.

ರಾಯಚೂರಿನ ಬಜಾರಿನಲ್ಲಿ ಒಬ್ಬ ವಯಸ್ಸಾದ ಸಾಹೇಬರಿದ್ದಾರೆ. ಒಂದು ಕಾಲಕ್ಕೆ ಸುತ್ತಲಿನ ಗಿರಣಿಗಳಿಗೆಲ್ಲ ಮಾರ್ಕಾ ತಗಡು ಕೊರೆದುಕೊಟ್ಟವರು. ಈಗ ಬೀಗದ ಕೈ ಮಾಡುತ್ತಾರೆ. ಅವರಿಗೆ ಏಳು ಚಿತ್ರ ಬರೆದುಕೊಟ್ಟೆ. ಕೆಂಪಿಗೆ ಮೆಣಸಿನಕಾಯಿ, ಹಸಿರಿಗೆ ಎಲೆ, ಹಳದಿಗೆ ಸೂರ್ಯ, ನೀಲಿಗೆ ನೀರಿನ ಹನಿ, ನೇರಳೆಗೆ ಬದನೆಕಾಯಿ, ಬಿಳಿಗೆ ಮಲ್ಲಿಗೆ, ಕಪ್ಪಿಗೆ ದೃಷ್ಟಿಬೊಟ್ಟಿನಂಥ ಗುಂಡು. "ತೆಳ್ಳಂದು ಬ್ಯಾಡ್ರಿ ಚಾಚಾ, ದಪ್ಪ ತಗಡು ಬೇಕು" ಎಂದೆ. ಮಾರ್ಕಾಕ್ಕೆ ಯಾರೂ ದಪ್ಪ ತಗಡು ಕೇಳುವುದಿಲ್ಲ. ಅವರು ಚಿತ್ರಗಳನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣು ಮುಚ್ಚಿ, ಗೆರೆಗಳ ಮೇಲೆ ಬೆರಳಾಡಿಸಿದರು.

"ಅಮ್ಮಾ, ಇದು ಕಣ್ಣಿಗೆ ಅಲ್ಲ, ಕೈಗೆ ಅದ. ಹೌದಲ್ಲ?" ಅಂದರು. ನಾನು ಚೀಲದಲ್ಲಿ ದುಡ್ಡು ಹುಡುಕತೊಡಗಿದೆ. "ಬದನಿಕಾಯಿ ಮೆಣಸಿನಕಾಯಿ ಎರಡೂ ಕೈಗೆ ಒಂದೇ ಹತ್ತತಾವ. ಬದನಿಕಾಯಿಗೆ ತೊಟ್ಟು ದೊಡ್ಡದು ಮಾಡ್ತೀನಿ" ಎಂದು ಕೆಲಸಕ್ಕೆ ಕೂತರು.

ಮುಂದಿನ ಸಲ ದೇವದುರ್ಗಕ್ಕೆ ಹೋದಾಗ ಗಿಳಿ ಕಮಲಗಳನ್ನೆಲ್ಲ ತಿಕ್ಕಿ ತೆಗೆದೆ. ದಪ್ಪ ತಗಡನ್ನು ಮುಚ್ಚಳದ ಮೇಲಿಟ್ಟು, ಅಂಟು ಕಲಸಿದ ಪುಟ್ಟಿಯನ್ನು ಚಾಕುವಿನಿಂದ ಬಳಿದು, ತಗಡನ್ನು ಅಲುಗದಂತೆ ನೆಟ್ಟಗೆ ಮೇಲೆತ್ತಬೇಕು. ಕೂದಲೆಳೆಯಷ್ಟು ಸರಿದರೂ ಆಕಾರ ಕೆಡುತ್ತದೆ. ಒಣಗಿದ ಮೇಲೆ ಮತ್ತೊಂದು ಪದರ, ಅದು ಒಣಗಿದ ಮೇಲೆ ಇನ್ನೊಂದು. ಎರಡು ದಿನ ಹಿಡಿಯಿತು. ಹೊಸ ಫ್ಯಾಶನ್, ಉಬ್ಬು ಚಿತ್ರ ಎಂದು ಮನೆಯವರಿಗೆ ಹೇಳಿದೆ. ಅತ್ತೆ ಮೊದಲ ಮುಚ್ಚಳದ ಮೇಲೆ ಬೆರಳಿಟ್ಟು, "ಮೆಣಸಿನಕಾಯಿ!" ಎಂದು ಮಕ್ಕಳ ಹಾಗೆ ಕೂಗಿದರು. ಅವತ್ತು ನನಗಾದ ಸಂತೋಷ ನನ್ನ ಜೀವಮಾನದಲ್ಲಿ ಯಾವ ಕೆಲಸದಿಂದಲೂ ಆಗಿಲ್ಲ.

ಆ ಚಳಿಗಾಲವೆಲ್ಲ ಅತ್ತೆ ಹೊಲಿದರು. ಹಸಿರು ಹಸಿರಿನ ಜಾಗದಲ್ಲಿ, ಕಪ್ಪು ಕಪ್ಪಿನ ಜಾಗದಲ್ಲಿ. ಕುಬಸದ ದಿನ ಮೂಗು ಮುರಿದವರೇ ಬಂದು ಕೌದಿ ಹೊಲಿಸಿಕೊಂಡು ಹೋದರು. ಫೋನಿನಲ್ಲಿ ಅತ್ತೆ ನನ್ನೊಬ್ಬಳ ಜೊತೆ ಪಿಸುಮಾತಿನಲ್ಲಿ ನಗುತ್ತಿದ್ದರು. "ಯಾರಿಗೂ ಗೊತ್ತಾಗಿಲ್ಲ ಬೇ, ಒಬ್ಬರಿಗೂ!" ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಎಂಥ ಜಾಣೆ ನಾನು ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಯುಗಾದಿಯ ಮರುದಿನ ಮನೆಗೆ ಬಂದ ನೆಂಟರೊಬ್ಬರು ಮೋಟರ್‌ಸೈಕಲ್ಲನ್ನು ಮೆಟ್ಟಿಲ ಬುಡಕ್ಕೇ ನಿಲ್ಲಿಸಿದ್ದರು. ಅಲ್ಲಿ ಯಾವತ್ತೂ ಏನೂ ಇರುವುದಿಲ್ಲ. ಅತ್ತೆ ನೆಟ್ಟಗೆ ನಡೆದು ಬಂದು ಅದರ ಮೇಲೆಯೇ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಹೊಲಿಗೆ ಹಾಕಿದ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ತಡ ಮಾಡದೆ ರಾಯಚೂರಿನಲ್ಲಿ ಕಣ್ಣಿನವರಿಗೆ ತೋರಿಸಿ ಅಂದರು. ಭಾವನವರು ಕರೆತಂದರು, ನಾನೂ ಜೊತೆಗೆ ಹೋದೆ.

ಅದು ಪೊರೆ ಅಲ್ಲವಂತೆ. ಕಣ್ಣಿನೊಳಗಿನ ಒತ್ತಡವಂತೆ. ಸದ್ದಿಲ್ಲದೆ ತಿನ್ನುತ್ತ ಹೋಗುತ್ತದಂತೆ, ಹೋದದ್ದು ತಿರುಗಿ ಬರುವುದಿಲ್ಲವಂತೆ. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಒಂದಿಷ್ಟು ಉಳಿದಿತ್ತು, ಹನಿ ಹಾಕುತ್ತ ಅದನ್ನು ಕಾಯ್ದುಕೊಳ್ಳಬೇಕು. ಡಾಕ್ಟರಮ್ಮ ಬರೆಯುತ್ತ, ತಲೆ ಎತ್ತದೆ, "ನಾಲ್ಕೈದು ತಿಂಗಳು ಮುಂಚೆ ಬಂದಿದ್ದರೆ ಎಡಗಣ್ಣನ್ನೂ ಅಷ್ಟಿಷ್ಟು ಉಳಿಸಬಹುದಿತ್ತು" ಅಂದರು.

ನಾಲ್ಕೈದು ತಿಂಗಳು. ದೀಪಾವಳಿಯಿಂದ ಯುಗಾದಿಗೆ. ಲೆಕ್ಕ ಹಾಕಲು ನನಗೆ ಬೆರಳು ಬೇಕಾಗಲಿಲ್ಲ. ನನ್ನ ಉಬ್ಬು ಚಿತ್ರಗಳಿಲ್ಲದಿದ್ದರೆ ಇನ್ನೊಂದು ಕೌದಿ ತಪ್ಪುತ್ತಿತ್ತು, ಮತ್ತೊಂದು ತಪ್ಪುತ್ತಿತ್ತು, ಯಾರಾದರೂ ಕೇಳುತ್ತಿದ್ದರು. ನಾನು ಯಾರೂ ಕೇಳದ ಹಾಗೆ ಮಾಡಿದ್ದೆ.

ದೇವದುರ್ಗದ ಮನೆಯಲ್ಲಿ ಭಾವನವರು ಕೂಗಾಡಿದರು. "ಮನ್ಯಾಗ ಇಷ್ಟು ಮಂದಿ ಅದೀವಿ. ಒಬ್ಬರಿಗರ ಗೊತ್ತಾಗಲಿಲ್ಲೇನು? ಏನು ಕತ್ತಿ ಕಾಯಾಕತ್ತಿದ್ರೇನು ಎಲ್ಲಾರೂ?" ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ, "ನಾ ಯಾರಿಗೂ ಗೊತ್ತಾಗಗೊಟ್ಟಿದ್ದಿಲ್ಲ. ಯಾರಿಗೂ!" ಎಂದು ನಾನಿದ್ದ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದರು. ನಾನು ಬಾಯಿ ಮುಚ್ಚಿಕೊಂಡೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ. ಅಕ್ಕ ತಲೆ ತಗ್ಗಿಸಿ ಸೆರಗಿನ ಚುಂಗು ಸುತ್ತುತ್ತ ನಿಂತಿದ್ದಳು.

ಎರಡು ವಾರ ಬಿಟ್ಟು ಹೋದಾಗ ಅತ್ತೆ ಅಟ್ಟದಲ್ಲಿ ಎಲ್ಲರೂ ಮರೆತಿದ್ದ ಎಂಟನೆಯ ಸೀಮೆಸುಣ್ಣದ ಪೆಟ್ಟಿಗೆಯನ್ನು ಇಳಿಸಿ ಇಟ್ಟುಕೊಂಡಿದ್ದರು. ಕಣ್ಣಿನ ಹನಿಯ ಸೀಸೆಗಳಿಗೆ. ನಾನು ಚೀಲಕ್ಕೆ ಕೈ ಹಾಕಿ, "ಇದರ ಮ್ಯಾಲ ಏನು ಮೂಡಸಲಿರಿ ಅತ್ತೀ?" ಅಂದೆ.

"ಏನೂ ಬ್ಯಾಡ. ಬಣ್ಣನೂ ಬ್ಯಾಡ. ಹಂಗೇ ಪಡಸಾಲಿ ನಡುವ ಇಡು. ಬಂದವರು ಕೇಳ್ಲಿ, ಇದೇನದ ಅಂತ. ನಾನೇ ಹೇಳ್ತೀನಿ" ಅಂದರು. ಹೇಳಿ ಮೆಣಸಿನಕಾಯಿಯ ಪೆಟ್ಟಿಗೆ ಎಳೆದುಕೊಂಡು ಹೊಲಿಯಲು ಕೂತರು. ಅವರನ್ನು ಯಾರೂ ಮೂಲೆಯಲ್ಲಿ ಕೂರಿಸಿರಲಿಲ್ಲ.

ಸಂಜೆ ಅಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎನಿಸಿತು. "ಅಕ್ಕಾ, ನನಗ ಗೊತ್ತಿತ್ತು. ಕುಬಸದ ದಿನಾನೇ ಗೊತ್ತಾಗಿತ್ತು" ಅಂದೆ.

ಅಕ್ಕ ಮೊರದಿಂದ ಕೈ ತೆಗೆಯಲಿಲ್ಲ. ಒಂದು ಕಲ್ಲು ಆರಿಸಿ ಆಚೆ ಎಸೆದಳು. "ನಿನಗಿಂತ ಮೊದಲ ನನಗ ಗೊತ್ತಿತ್ತು" ಅಂದಳು.

ನಾನು ಅವಳ ಮುಖ ನೋಡಿದೆ.

"ದಿನಾ ಚಾದ ಲೋಟ ಕೆಳಗ ಇಡಲಾರದ ಕೈಯಾಗೇ ಯಾಕ ಕೊಡ್ತಿದ್ದೆ? ಈ ಮನ್ಯಾಗ ಒಂದು ಕೊಡಾನೂ ಇದ್ದ ಜಾಗದಿಂದ ಯಾಕ ಕದಲಸಗೊಡ್ತಿದ್ದಿಲ್ಲ? ಇದ್ದ ಸಾಲಿನ್ಯಾಗ ಇಡು ಅಂತ ನಿನಗ ಅವತ್ತು ಯಾಕ ಅಂದೆ?"

"ಮತ್ಯಾಕ ಹೇಳಲಿಲ್ಲ ಅಕ್ಕಾ?"

ಅಕ್ಕನ ಕೈ ಆಗ ನಿಂತಿತು. "ಹೇಳಿದ್ರ ಆಕಿನ್ನ ಮೂಲ್ಯಾಗ ಕುಂದ್ರಸಬೇಕಾಗತಿತ್ತು. ಕುಂದ್ರಸಾಕಿ ನಾನೇ ಅಲ್ಲೇನು?" ಅಂದಳು. ಆಮೇಲೆ ಮೊರದ ಜೋಳಕ್ಕೆ ಕಣ್ಣೀರು ಬಿತ್ತು. ಹದಿನೆಂಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಮೊರವನ್ನು ನನ್ನ ಕಡೆ ಎಳೆದುಕೊಂಡು ಉಳಿದ ಕಲ್ಲು ಆರಿಸತೊಡಗಿದೆ.

"ಯಾರದೀರಿ ಹೊರಗ? ಹನಿ ಹಾಕೂ ಹೊತ್ತಾತು" ಎಂದು ಅತ್ತೆ ಒಳಗಿನಿಂದ ಕೂಗಿದರು. ನಾವಿಬ್ಬರೂ ಒಟ್ಟಿಗೇ ಎದ್ದೆವು.